ಅವಾಂಗಾರ್ಡ್: ಚೂಣಿಯಲ್ಲಿ ನಡೆದ ಬಟ್ಟೆ

ಬೆಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಕಳೆದ ವಾರ ಒಂದು ಟೀ ಶರ್ಟ್ ನೋಡಿದೆ. ಎದೆಯ ಮೇಲೆ ನಾಲ್ಕು ತೂತು. ಕೆಳಗಿನ ಅಂಚು ಬಿಚ್ಚಿ ದಾರ ನೇತಾಡುತ್ತಿತ್ತು. ಬೆಲೆಯ ಚೀಟಿಯ ಮೇಲೆ 'ಜಪಾನೀಸ್ ಅವಾಂಗಾರ್ಡ್' ಎಂದಿತ್ತು. ಈ ತಿಂಗಳಲ್ಲಿ ಈ ಪದವನ್ನು ಹೀಗೆ ಕಂಡಿದ್ದು ಮೂರನೇ ಸಲ. ಮೊದಲು ಒಂದು ರೀಲ್‌ನಲ್ಲಿ ದೊಗಲೆ ಪ್ಯಾಂಟಿಗೆ, ಆಮೇಲೆ ಗರಿ ಸಿಕ್ಕಿಸಿದ ಗೌನಿಗೆ. ಕಣ್ಣಿಗೆ ಒಗ್ಗದ್ದಕ್ಕೆಲ್ಲ ಇದೇ ಹೆಸರು ಅಂತಾದರೆ, ಆ ಹೆಸರಿಗೆ ತಕ್ಕ ಕೆಲಸ ಮಾಡಿದವರನ್ನು ಏನಂತ ಕರೆಯೋಣ?

ಪದ ಫ್ರೆಂಚಿನದು. ಅವಾಂ ಅಂದರೆ ಮುಂದೆ, ಗಾರ್ದ್ ಅಂದರೆ ಕಾವಲು. ಹುಟ್ಟಿದ್ದು ಸೈನ್ಯದಲ್ಲಿ. ದೊಡ್ಡ ದಂಡು ಹೊರಡುವ ಮೊದಲು ಒಂದು ಸಣ್ಣ ತುಕಡಿ ಮುಂದೆ ಹೋಗುತ್ತಿತ್ತು. ಸೇತುವೆ ಗಟ್ಟಿಯಿದೆಯಾ, ಹೊಳೆ ದಾಟಬಹುದಾ, ಶತ್ರು ಎಲ್ಲಿದ್ದಾನೆ ಅಂತ ನೋಡುವುದು ಅದರ ಕೆಲಸ. ಆ ತುಕಡಿಯೇ ಅವಾಂಗಾರ್ಡ್. ಇಂಗ್ಲಿಷಿನ ವ್ಯಾನ್‌ಗಾರ್ಡ್ ಇದೇ ಪದದ ಸವೆದ ರೂಪ. ನಮ್ಮಲ್ಲೂ ಇದಕ್ಕೆ ಸರಿಸಮವಾದ ಪದ ಇದೆ: ಮುಂಚೂಣಿ. ಹಳೆಯ ಕನ್ನಡದಲ್ಲಿ ಚೂಣಿ ಅಂದರೆ ಸೈನ್ಯದ ಮುಂಭಾಗ. 'ಮುಂಚೂಣಿ ನಾಯಕರು', 'ಮುಂಚೂಣಿ ಸಂಸ್ಥೆ' ಅಂತ ಬರೆದು ಬರೆದು ಆ ಪದದಲ್ಲಿದ್ದ ದಂಡಿನ ಧೂಳು ಉದುರಿ ಹೋಗಿದೆ. ಜಪಾನಿಯರು ಅನುವಾದಿಸಿಕೊಂಡಿದ್ದೂ ಹೀಗೇ. ಅವರು 'ಝೆನ್‌ಎಯ್' ಅಂತಾರೆ. ಝೆನ್ ಅಂದರೆ ಮುಂದೆ, ಎಯ್ ಅಂದರೆ ಕಾವಲು. ಧ್ಯಾನದ ಝೆನ್‌ಗೂ ಇದಕ್ಕೂ ಸಂಬಂಧವಿಲ್ಲ, ಅಕ್ಷರವೇ ಬೇರೆ. ವಾಲಿಬಾಲ್‌ನಲ್ಲಿ ನೆಟ್ ಹತ್ತಿರ ನಿಲ್ಲುವ ಆಟಗಾರರಿಗೂ ಅಲ್ಲಿ ಇದೇ ಪದ.

ಕಲೆಯ ಕಡೆಗೆ ಪದ ಹೊರಳಿದ್ದು 1825ರಲ್ಲಿ. ಫ್ರಾನ್ಸಿನ ಸಮಾಜ ಚಿಂತಕ ಸಾಂ-ಸಿಮೋನ್ ಅವರ ಬಳಗದವರು ಕಲಾವಿದರನ್ನು ಸಮಾಜದ ಅವಾಂಗಾರ್ಡ್ ಎಂದು ಕರೆದರು. ಆಗಲೂ ಮೂಲ ಅರ್ಥ ಬಿಟ್ಟುಹೋಗಿರಲಿಲ್ಲ. ಮುಂದೆ ಹೋದವನು ಹಿಂದಿರುವವರಿಗೆ ದಾರಿ ತೋರಿಸಬೇಕು. ಸುಮ್ನೆ ಗುಂಪು ಬಿಟ್ಟು ಓಡಿದವನಿಗೆ ಈ ಹೆಸರು ಸಲ್ಲುವುದಿಲ್ಲ. ಬಟ್ಟೆಯಲ್ಲಿ ದಾರಿ ಅಂದರೆ ಅದನ್ನು ಮಾಡುವ ಬಗೆ. ನೂಲು, ಕತ್ತರಿ, ಹೊಲಿಗೆ, ಯಂತ್ರ, ಇವುಗಳಲ್ಲಿ ಏನು ಬದಲಾಯಿತು ಅಂತ ಕೇಳಬೇಕು.

ಈಗ ಆ ತೂತಿನ ವಿಷಯಕ್ಕೆ ಬರೋಣ, ಗೊಂದಲ ಜಾಸ್ತಿ ಇರುವುದು ಅಲ್ಲೇ. ಕೊಮ್ ದೆ ಗಾರ್ಸೋಂ ಹೆಸರಿನಲ್ಲಿ ಬಟ್ಟೆ ಮಾಡುವ ಜಪಾನಿ ಡಿಸೈನರ್ ರೇ ಕವಾಕುಬೊ 1982ರಲ್ಲಿ ಮೈತುಂಬ ತೂತಿರುವ ಕಪ್ಪು ಸ್ವೆಟರ್ ತೋರಿಸಿದರು. ಆ ತೂತುಗಳನ್ನು ಯಾರೂ ಕತ್ತರಿಸಿ ಮಾಡಿದ್ದಲ್ಲ. ಹೆಣಿಗೆ ಯಂತ್ರದ ಸ್ಕ್ರೂ ಸಡಿಲಿಸಿ ಹೆಣೆಸಿದರು. ಯಂತ್ರ ಅಲ್ಲಲ್ಲಿ ತಪ್ಪಿತು, ಎಲ್ಲಿ ತಪ್ಪುತ್ತದೆ ಅಂತ ಮೊದಲೇ ಹೇಳುವ ಹಾಗಿರಲಿಲ್ಲ. ಒಂದೇ ಸಮನೆ ಹೆಣೆಯುವುದಕ್ಕೆಂದೇ ಇರುವ ಯಂತ್ರದಿಂದ ಅವರು ಕೈಯ ಅಂಕುಡೊಂಕನ್ನು ತೆಗೆದರು. ಅದನ್ನು ಹರುಕು ಅಂದವರಿಗೆ ಕವಾಕುಬೊ, ಇದು ಲೇಸ್ ಅಂದರು. ಯೋಚಿಸಿ ನೋಡಿ, ಲೇಸ್ ಅಂದರೂ ದಾರದ ನಡುವೆ ಬಿಟ್ಟ ತೂತೇ ಅಲ್ವಾ? ಅಂಗಡಿಯ ಟೀ ಶರ್ಟ್ ಹಾಗಲ್ಲ. ಅದನ್ನು ಎಂದಿನಂತೆ ಹೊಲಿದು, ಆಮೇಲೆ ಹರಿದಿದ್ದಾರೆ. ಮಾಡುವ ಬಗೆಯಲ್ಲಿ ಕೂದಲೆಳೆಯಷ್ಟೂ ಹೊಸತಿಲ್ಲ.

ಈ ತಪ್ಪು ಓದು ಮೊದಲಿಂದಲೂ ಇತ್ತು. 1981ರಲ್ಲಿ ಕವಾಕುಬೊ ಮತ್ತು ಇನ್ನೊಬ್ಬ ಜಪಾನಿ ಡಿಸೈನರ್ ಯೋಜಿ ಯಮಾಮೊಟೊ ತಮ್ಮ ಬಟ್ಟೆ ತೋರಿಸಲು ಪ್ಯಾರಿಸ್ಸಿಗೆ ಬಂದರು. ಅವರ ಬಟ್ಟೆ ನೋಡಿ ಅಲ್ಲಿನ ಪತ್ರಿಕೆಗಳಲ್ಲಿ ಕೆಲವರು ಅಣುಬಾಂಬ್ ಬಿದ್ದ ಹಿರೋಶಿಮಾದ ಹೆಸರು ಎಳೆದು ತಂದರು. ನನಗೆ ಇಂದಿಗೂ ಸಿಟ್ಟು ಬರುವ ಮಾತು ಅದು. ಜಪಾನಿನಲ್ಲಿ, ಇವರ ಕಪ್ಪು ಬಟ್ಟೆ ತೊಟ್ಟು ಓಡಾಡಿದವರಿಗೆ 'ಕರಾಸು-ಝೋಕು', ಅಂದರೆ ಕಾಗೆ ಬಳಗ, ಎಂಬ ಹೆಸರು ಬಿತ್ತು.

ನನ್ನ ತಂಗಿ ಟೋಕಿಯೋದ ಒಂದು ಹಳೆ ಬಟ್ಟೆ ಅಂಗಡಿಯಲ್ಲಿ ಯಮಾಮೊಟೊ ಅವರ ಕಪ್ಪು ಕೋಟು ಕೊಂಡಿದ್ದಾಳೆ. ಉಣ್ಣೆಯ ಗ್ಯಾಬರ್ಡೀನ್, ಅಂದರೆ ಒತ್ತಾಗಿ ನೇಯ್ದ ಬಟ್ಟೆ. ಹ್ಯಾಂಗರಿನಲ್ಲಿ ನೋಡಿದರೆ ಏನೂ ಅನ್ನಿಸದು. ತೊಟ್ಟರೆ ಕಾಲರ್ ಕುತ್ತಿಗೆಗೆ ಅಂಟದೆ ಒಂದು ಬೆರಳು ಹಿಂದೆ ನಿಲ್ಲುತ್ತದೆ. ಬಟ್ಟೆಯ ತೂಕವೆಲ್ಲ ಬೆನ್ನಿಗೆ ಜಾರುತ್ತದೆ. ಅವಳು ನಡೆದಾಗ ಹಿಂಭಾಗ ಗಾಳಿ ತುಂಬಿಕೊಂಡು, ಒಂದು ಗಳಿಗೆ ತಡವಾಗಿ ಅವಳ ಹಿಂದೆ ಬರುತ್ತದೆ. ಇಷ್ಟಾದರೂ ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿದೆ. ಎರಡು ಸೈಜ್ ದೊಡ್ಡದು ಕೊಂಡು 'ಓವರ್‌ಸೈಜ್, ಯೋಜಿ ಥರ' ಅನ್ನುವವರು ಆ ತೋಳನ್ನು ನೋಡಬೇಕು. ಎಲ್ಲಿ ಸಡಿಲ ಬಿಡಬೇಕು, ಎಲ್ಲಿ ಬಿಡಬಾರದು ಅಂತ ಟೈಲರ್ ಒಬ್ಬ ಕೂತು ಲೆಕ್ಕ ಹಾಕಿದ ಕೋಟು ಅದು. ಯಮಾಮೊಟೊ ಅವರ ತಂದೆ ಯುದ್ಧದಲ್ಲಿ ತೀರಿಹೋದರು. ತಾಯಿ ಟೋಕಿಯೋದಲ್ಲಿ ಬಟ್ಟೆ ಹೊಲಿದು ಮಗನನ್ನು ಬೆಳೆಸಿದರು. ಮಗ ಕಾನೂನು ಓದಿ, ಮತ್ತೆ ಅಮ್ಮನ ಹೊಲಿಗೆ ಅಂಗಡಿಗೇ ಬಂದರು.

ಮತ್ತೊಬ್ಬ ಜಪಾನಿ ಡಿಸೈನರ್ ಇಸ್ಸೆ ಮಿಯಾಕೆ ಅವರ ನೆರಿಗೆ ಬಟ್ಟೆಯನ್ನು 'ಮುದುಡಿದ ಬಟ್ಟೆ' ಅನ್ನುವುದೂ ಇಂಥದೇ. ಸಾಮಾನ್ಯವಾಗಿ ಮೊದಲು ಬಟ್ಟೆಗೆ ನೆರಿಗೆ ಹಾಕಿ ಆಮೇಲೆ ಹೊಲಿಯುತ್ತಾರೆ. ಮಿಯಾಕೆ ತಿರುಗಿಸಿದರು. ಎರಡೂವರೆ, ಮೂರು ಪಟ್ಟು ದೊಡ್ಡ ಅಂಗಿ ಹೊಲಿದು, ಕಾಗದದ ನಡುವೆ ಇಟ್ಟು, ಬಿಸಿ ಯಂತ್ರದಲ್ಲಿ ಒತ್ತಿದರು. ಪಾಲಿಯೆಸ್ಟರ್ ಆದ್ದರಿಂದ ಬಿಸಿಗೆ ಕೂತ ನೆರಿಗೆ ಒಗೆದರೂ ಹೋಗುವುದಿಲ್ಲ. 1993ರಲ್ಲಿ ಇದು ಪ್ಲೀಟ್ಸ್ ಪ್ಲೀಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಉಂಡೆ ಮಾಡಿ ಚೀಲಕ್ಕೆ ಹಾಕಿ, ತೆಗೆದು ಕೊಡವಿದರೆ ಸಾಕು, ಇಸ್ತ್ರಿ ಬೇಡ. ಮಿಯಾಕೆ ಕೊನೆಯವರೆಗೂ ಹಿಡಿದ ಯೋಚನೆ 'ಒಂದು ತುಂಡು ಬಟ್ಟೆ'. ಸೀರೆ, ಪಂಚೆ ಉಡುವವರಿಗೆ ಅದನ್ನು ವಿವರಿಸಬೇಕಿಲ್ಲ.

ಕೊನೆಗೆ ಕಾಲಿನ ವಿಷಯ. ಹೆಬ್ಬೆರಳು ಬೇರೆಯಾಗಿ ಸೀಳಿದ 'ತಾಬಿ' ಬೂಟನ್ನು ಜಪಾನಿ ಡಿಸೈನರ್ ಒಬ್ಬರದು ಅಂತ ಬರೆಯುವವರಿದ್ದಾರೆ. ತಾಬಿ ಜಪಾನಿನದೇ. ಕಾಲು, ಚೀಲ ಎಂಬ ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ. ಅದು ಕಾಲುಚೀಲ. ಹೆಬ್ಬೆರಳ ಸಂದಿಯಲ್ಲಿ ಚಪ್ಪಲಿಯ ಪಟ್ಟಿ ಕೂರಲಿ ಅಂತ ಆ ಸೀಳು. ಅದಕ್ಕೇ ರಬ್ಬರ್ ಅಟ್ಟೆ ಹಾಕಿದ್ದು 'ಜಿಕಾ-ತಾಬಿ', ಕಟ್ಟಡದ ಕೆಲಸಗಾರರು ಹಾಕುವುದು. ಆದರೆ ಅದನ್ನು ಹಿಮ್ಮಡಿಯ ಬೂಟು ಮಾಡಿದ್ದು ಬೆಲ್ಜಿಯಂನ ಡಿಸೈನರ್ ಮಾರ್ಟಿನ್ ಮಾರ್ಜೆಲಾ. ಕವಾಕುಬೊ ತೆರೆದ ದಾರಿಯಲ್ಲಿ ಹಿಂದಿನಿಂದ ಬಂದವರಲ್ಲಿ ಅವರೂ ಒಬ್ಬರು. 1988ರಲ್ಲಿ ಪ್ಯಾರಿಸ್ಸಿನ ತಮ್ಮ ಮೊದಲ ಪ್ರದರ್ಶನದಲ್ಲಿ ಅವರು ಆ ಬೂಟಿನ ಅಟ್ಟೆಗೆ ಕೆಂಪು ಬಣ್ಣ ಬಳಿಸಿ, ಹಾಸಿದ ಬಿಳಿ ಬಟ್ಟೆಯ ಮೇಲೆ ರೂಪದರ್ಶಿಯರನ್ನು ನಡೆಸಿದರು. ಬಟ್ಟೆಯ ತುಂಬ ಸೀಳು ಬೆರಳಿನ ಹೆಜ್ಜೆ ಮೂಡಿತು. ಮುಂದಿನ ಸಲ ಅದೇ ಬಟ್ಟೆಯನ್ನು ಕತ್ತರಿಸಿ ಮೇಲಂಗಿ ಮಾಡಿದರು.