ಕಾಟ್ಲಾ ಹುಟ್ಟು ಹಾಕುವುದಿಲ್ಲ

ಮೀನು ರೆಕ್ಕೆಯಿಂದ ಈಜುತ್ತದೆ ಎಂಬ ಮಾತನ್ನು ಶಾಲೆಯಲ್ಲಿ ಕಲಿತವರು ಕೊನೆಯವರೆಗೂ ಬಿಡುವುದಿಲ್ಲ. ಶ್ರೀರಂಗಪಟ್ಟಣದ ಹೊಳೆಯಲ್ಲಿ ಹರಿಗೋಲಿನವರು ಹುಟ್ಟು ಹಾಕುವಂತೆ ಮೀನೂ ಪಕ್ಕದ ರೆಕ್ಕೆಗಳಿಂದ ನೀರನ್ನು ಹಿಂದಕ್ಕೆ ತಳ್ಳುತ್ತದೆ ಎಂದೇ ಬಹಳ ಮಂದಿ ನಂಬಿದ್ದಾರೆ. ನಮ್ಮ ಕೆರೆಗಳ ಕಾಟ್ಲಾ, ರೋಹು ಯಾವುದೂ ಹಾಗೆ ಮುಂದೆ ಸಾಗುವುದಿಲ್ಲ. ಬಾಲವೇ ಮುಖ್ಯ ಎಂದು ಇಟಲಿಯ ವಿಜ್ಞಾನಿ ಬೊರೆಲ್ಲಿ 1680ರ ಸುಮಾರಿಗೇ ಬರೆದಿದ್ದ.

ಅಂಗಡಿಯಲ್ಲಿ ಕಾಟ್ಲಾದ ಚರ್ಮ ಸುಲಿದಾಗ ಪಕ್ಕೆಯನ್ನು ಗಮನಿಸಿ. ಮಾಂಸವೆಲ್ಲ ಅಂಕುಡೊಂಕಾದ ಪಟ್ಟಿಗಳಾಗಿ ಒಂದರೊಳಗೊಂದು ಹೊಂದಿಕೊಂಡಿರುತ್ತದೆ. ಸಾರಿನಲ್ಲಿ ಬೆಂದ ಮೇಲೆ ಪದರಪದರವಾಗಿ ಬಿಡಿಸಿಕೊಳ್ಳುವುದು ಇವೇ. ಚರ್ಮದಡಿ, ಪಕ್ಕೆಯ ನಡುವೆ ಉದ್ದಕ್ಕೂ ಸಾಗುವ ಕಪ್ಪುಗೆಂಪು ಗೆರೆ ದಣಿಯದ ನಿಧಾನದ ಈಜಿಗೆ. ಉಳಿದ ಬಿಳಿ ಮಾಂಸ ಚಿಮ್ಮಿ ಓಡುವ ಗಳಿಗೆಗೆ.

ಈ ಪಟ್ಟಿಗಳು ಒಂದು ಪಕ್ಕದಲ್ಲಿ ತಲೆಯ ಕಡೆಯಿಂದ ಬಾಲದ ಕಡೆಗೆ ಸರದಿಯಲ್ಲಿ ಬಿಗಿಯುತ್ತವೆ, ಆಮೇಲೆ ಇನ್ನೊಂದು ಪಕ್ಕದಲ್ಲಿ. ಮೈಯಲ್ಲೊಂದು ಅಲೆ ಹಿಂದಕ್ಕೆ ಹರಿಯುತ್ತದೆ. ಮೀನು ಮುಂದೆ ಹೋಗುವುದಕ್ಕಿಂತ ಈ ಅಲೆ ಹಿಂದೆ ಹೋಗುವ ವೇಗ ಹೆಚ್ಚು. ಈಜಿನ ಗುಟ್ಟೆಲ್ಲ ಇಲ್ಲಿದೆ. ಮೈಯ ಪ್ರತಿ ಬಾಗು ನೀರನ್ನು ಓರೆಯಾಗಿ, ಪಕ್ಕಕ್ಕೂ ಹಿಂದಕ್ಕೂ ನೂಕುತ್ತದೆ. ಎಡಬಲದ ನೂಕುಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಹಿಂದಕ್ಕೆ ನೂಕಿದ್ದೆಲ್ಲ ಕೂಡಿಕೊಳ್ಳುತ್ತದೆ, ಮೀನು ಮುನ್ನುಗ್ಗುತ್ತದೆ.

ಈಜಿನ ಬಗೆಗಳಿಗೆ ಹೆಸರಿಟ್ಟವರಲ್ಲಿ ಅಮೆರಿಕದ ಚಾರ್ಲ್ಸ್ ಬ್ರೀಡರ್ ಪ್ರಮುಖ. ಅವರ ಪ್ರಬಂಧ ಬಂದದ್ದು 1926ರಲ್ಲಿ. ಹಾವುಮೀನಿನಂತೆ ಇಡೀ ಮೈ ಬಳುಕಿದರೆ ಆಂಗ್ವಿಲಿಫಾರ್ಮ್, ಹಿಂಭಾಗವಷ್ಟೇ ಬಳುಕಿದರೆ ಕರಾಂಜಿಫಾರ್ಮ್, ಮೈ ಸೆಟೆದು ಬಾಲ ಮಾತ್ರ ಬಡಿದರೆ ಆಸ್ಟ್ರಾಸಿಫಾರ್ಮ್. ಇವು ಮೀನಿನ ಕುಲದ ಹೆಸರುಗಳಲ್ಲ, ಈಜುವ ಶೈಲಿಯ ಹೆಸರುಗಳು. ನೆಂಟಸ್ತಿಕೆಯೇ ಇಲ್ಲದ ಮೀನುಗಳ ಶೈಲಿ ಒಂದೇ ಇರಬಹುದು. ಒಂದೇ ಮೀನು ವೇಗಕ್ಕೆ ತಕ್ಕಂತೆ ಶೈಲಿ ಬದಲಿಸಬಹುದು. ಮಕ್ಕಳಿಂದ ಪಟ್ಟಿ ಬಾಯಿಪಾಠ ಮಾಡಿಸುವ ಬದಲು ಎರಡೇ ಪ್ರಶ್ನೆ ಕೇಳಿ: ಆಡುತ್ತಿರುವ ಭಾಗ ಯಾವುದು? ಅದರಲ್ಲಿ ಅಲೆ ಹರಿಯುತ್ತಿದೆಯೋ, ಅದು ಬರೀ ಬಡಿಯುತ್ತಿದೆಯೋ?

ಹಾಗಾದರೆ ಪಕ್ಕದ ರೆಕ್ಕೆಗಳೇಕೆ? ತಿರುಗಲು, ತಡೆಯಲು. ಗಾಜಿನ ತೊಟ್ಟಿಯ ಗೋಲ್ಡ್ ಫಿಶ್ ನಿಂತಲ್ಲೇ ನಿಂತಾಗಲೂ ಅವನ್ನು ಆಡಿಸುತ್ತಲೇ ಇರುತ್ತದೆ. ಉಸಿರಾಡುವಾಗ ಕಿವಿರಿನಿಂದ ಹೊರಬೀಳುವ ನೀರು ಮೈಯನ್ನು ಮುಂದಕ್ಕೆ ದೂಡುತ್ತದೆ. ರೆಕ್ಕೆ ಅದನ್ನು ಹಿಡಿದು ನಿಲ್ಲಿಸುತ್ತದೆ. ನಿಜಕ್ಕೂ ಹುಟ್ಟು ಹಾಕುವ ಮೀನುಗಳೂ ಉಂಟು. ಹವಳದ ದಿಬ್ಬಗಳ ರ್‍ಯಾಸ್ ಮೀನುಗಳು ಪಕ್ಕದ ರೆಕ್ಕೆಗಳಿಂದಲೇ ಸಾಗುತ್ತವೆ. ಆ ಶೈಲಿ ಲ್ಯಾಬ್ರಿಫಾರ್ಮ್.

ನನಗೆ ಎಲ್ಲಕ್ಕಿಂತ ಇಷ್ಟ ನೊಟಾಪ್ಟೆರಸ್. ಕಾವೇರಿಯಲ್ಲೂ ಇರುವ, ಚೂರಿಯ ಅಲಗಿನಷ್ಟು ಚಪ್ಪಟೆ ಮೀನು. ಹೊಟ್ಟೆಯಡಿಯಿಂದ ಬಾಲದವರೆಗೆ ಒಂದೇ ಉದ್ದನೆಯ ರೆಕ್ಕೆ, ಅದರಲ್ಲಿ ಅಲೆ. ಅಲೆಯ ದಿಕ್ಕು ಬದಲಿಸಿದರೆ ಸಾಕು, ಮೈ ತಿರುಗಿಸದೆ ಹಿಂದಕ್ಕೇ ಈಜುತ್ತದೆ.