ಮೊಪೆಡ್ಡಿಗೂ ಬಿಪಿ ನೋಡಬೇಕು

ಜಮಖಂಡಿಯ ನಮ್ಮ ಕಾಕಾರ ಹತ್ತಿರ ಹಳೆಯ ಟೂ ಸ್ಟ್ರೋಕ್ ಮೊಪೆಡ್ ಒಂದಿದೆ. ಹಾಲಿನ ಕ್ಯಾನು, ಮೇವಿನ ಹೊರೆ, ಸಂತೆಯ ದಿನ ಕಾಕು (ಕಾಕಾರ ಹೆಂಡತಿ), ಎಲ್ಲವನ್ನೂ ಹೊತ್ತ ಗಾಡಿ. ಹೋದ ಬೇಸಿಗೆಯಲ್ಲಿ ಅದಕ್ಕೊಂದು ಹೊಸ ಚಾಳಿ ಶುರುವಾಯಿತು. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ರೇಸ್ ಇಳಿಯುತ್ತಿರಲಿಲ್ಲ. "ಏನಾಗೈತೋ ತಮ್ಮಾ, ರೇಸ್ ಇಳೀವಲ್ದು. ಆದ್ರ ಗಾಡಿ ಮೊದಲಿಗಿಂತ ಚಲೋ ಓಡಾಕತ್ತೈತಿ ನೋಡು," ಅಂದರು ಕಾಕಾ.

ಆ "ಚಲೋ ಓಡಾಕತ್ತೈತಿ" ಅನ್ನೋದೇ ಭಯ ಪಡಬೇಕಾದ ಮಾತು. ಅದು ನನಗೆ ಆಗ ಗೊತ್ತಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರಿನ ಸ್ಕ್ರೂಗಳನ್ನು ಅರ್ಧ ಗಂಟೆ ತಿರುವಿದೆ. ಇಂಜಿನ್ ನನ್ನ ಮಾತು ಕೇಳಲಿಲ್ಲ. ಕೇಳುವುದು ಸಾಧ್ಯವೂ ಇರಲಿಲ್ಲ. ಗಾಳಿ ಕಾರ್ಬೊರೇಟರಿನ ಬಾಗಿಲಿನಿಂದಲ್ಲ, ಹಿತ್ತಲಿನಿಂದ ಒಳಗೆ ಬರುತ್ತಿತ್ತು.

ಬೈಕಿನ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಜಾಗ ಬರೀ ಎಣ್ಣೆ ಇಡುವ ಡಬ್ಬಿ. ಅಲ್ಲಿಯ ಸೀಲ್ ಹೋದರೆ ನೆಲದ ಮೇಲೆ ಎಣ್ಣೆ ತೊಟ್ಟಿಕ್ಕುತ್ತದೆ, ಅಷ್ಟೇ. ಟೂ ಸ್ಟ್ರೋಕಿನಲ್ಲಿ ಆ ಡಬ್ಬಿಯೇ, ಅಂದರೆ ಕ್ರ್ಯಾಂಕ್‌ಕೇಸೇ, ಪಂಪು. ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್‌ಕೇಸ್ ಪೆಟ್ರೋಲು ಬೆರೆತ ಗಾಳಿಯನ್ನು ಹೀರುತ್ತದೆ. ಕೆಳಗೆ ಬಂದಾಗ ಅದನ್ನೇ ಒತ್ತಿ, ಪಕ್ಕದ ದಾರಿಗಳಿಂದ ಮೇಲಕ್ಕೆ ಕಳಿಸುತ್ತದೆ. ಫೋರ್ ಸ್ಟ್ರೋಕಿನಂತೆ ತೆರೆದು ಮುಚ್ಚುವ ವಾಲ್ವ್ ಇಲ್ಲ, ಅದನ್ನು ಎತ್ತುವ ಕ್ಯಾಮ್ ಇಲ್ಲ. ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ 1890ರ ಆಸುಪಾಸಿನಲ್ಲಿ ಕಟ್ಟಿದ ಪಂಪಿನ ಉಪಾಯ ಇದು. ನಮ್ಮಲ್ಲಿ 1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿವಿಎಸ್ 50, ಎರಡರ ಹೊಟ್ಟೆಯಲ್ಲೂ ಇದೇ ಪಂಪು.

ಈ ಪಂಪನ್ನು ಬಿಗಿಯಾಗಿ ಇಡುವುದು, ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕಿನ ಎರಡೂ ತುದಿಯ ಎರಡು ರಬ್ಬರ್ ಆಯಿಲ್ ಸೀಲ್. ಇಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುತ್ತಿದೆ ಅನ್ನಿ. ಸೆಕೆಂಡಿಗೆ 83 ಸಲ ಆ ರಬ್ಬರಿನ ತುಟಿಯನ್ನು ಒಳಗೆ ಎಳೆದು ಹೊರಗೆ ದಬ್ಬಿದ ಹಾಗೆ. ವರ್ಷಗಟ್ಟಲೆ ಈ ಕಾಟ, ಜೊತೆಗೆ ಬಿಸಿ. ರಬ್ಬರ್ ಉಗುರಿನ ಹಾಗೆ ಗಟ್ಟಿಯಾಗಿ ಹೋಗುತ್ತದೆ.

ಪ್ಲಗ್ಗಿನ ಕಿಡಿಗೆ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಬರೀ ಗಾಳಿ ನುಗ್ಗುತ್ತದೆ. ಪೆಟ್ರೋಲ್ ಪೂರ್ತಿ ಸುಡಲು ತೂಕದ ಲೆಕ್ಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಗಾಡಿ ಜೋರಾಗಿ ಎಳೆಯಬೇಕಾದರೆ ಗಾಳಿ ಇನ್ನೂ ಸ್ವಲ್ಪ ಕಡಿಮೆಯೇ ಇರಬೇಕು. ಗಾಳಿ ಜಾಸ್ತಿಯಾದಾಗ ಮೊದಮೊದಲು ಗಾಡಿ ಹಗುರಾಗಿ ಓಡಿದಂತೆ ಅನಿಸುತ್ತದೆ. ಆದರೆ ಪಿಸ್ಟನ್ ಬಿಸಿಯೇರುತ್ತಿರುತ್ತದೆ. 40 ಮಿಲಿಮೀಟರ್ ಅಗಲದ ಅಲ್ಯುಮಿನಿಯಂ ಪಿಸ್ಟನ್ 100 ಡಿಗ್ರಿ ಜಾಸ್ತಿ ಕಾದರೆ ಸುಮಾರು 0.08 ಮಿಲಿಮೀಟರ್ ಹಿಗ್ಗುತ್ತದೆ. ಪಿಸ್ಟನ್ ಓಡಾಡುವ ಬೀಡು ಕಬ್ಬಿಣದ ಕೊಳವೆ, ಅಂದರೆ ಬೋರ್, ಅದರ ಅರ್ಧದಷ್ಟು. ಇವೆರಡರ ನಡುವೆ ಇರುವ ಸಂದೇ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಸಂದು ಮುಗಿಯಿತೋ, ಇಂಜಿನ್ ಜಾಮ್.

ಕ್ಲಚ್ ಕಡೆಯ ಸೀಲಿನದು ಬೇರೆ ಕಥೆ. ಅಲ್ಲಿ ಗೇರ್ ಎಣ್ಣೆ ಇರುವ ಗಾಡಿಗಳಲ್ಲಿ ಇಂಜಿನ್ ಆ ಎಣ್ಣೆಯನ್ನೇ ಕುಡಿಯಲು ಶುರುಮಾಡುತ್ತದೆ. ದಟ್ಟ ಬಿಳಿ ಹೊಗೆ, ಒದ್ದೆ ಪ್ಲಗ್. ಗೇರ್ ಎಣ್ಣೆ ಎಲ್ಲಿ ಹೋಯಿತೆಂದು ನೆಲ ನೋಡಿದರೆ ಒಂದು ಹನಿಯೂ ಇಲ್ಲ.

ಮಿಸ್ತ್ರಿ ಪರೀಕ್ಷೆ ಮಾಡಿದ ರೀತಿ ನನಗೆ ಬಹಳ ಹಿಡಿಸಿತು. ಸೈಲೆನ್ಸರ್, ಕಾರ್ಬೊರೇಟರ್ ಬಿಚ್ಚಿ, ಆ ಎರಡೂ ಬಾಯಿಗೆ ಸೈಕಲ್ ಟ್ಯೂಬಿನ ತುಂಡಿಟ್ಟು ತಗಡಿನಿಂದ ಬಿಗಿದರು. ಪಿಸ್ಟನ್ನನ್ನು ಪೂರ್ತಿ ಕೆಳಗೆ ತಂದರು. ಆಗ ಮೇಲಿನ ಸಿಲಿಂಡರ್, ಕೆಳಗಿನ ಕ್ರ್ಯಾಂಕ್‌ಕೇಸ್ ಎರಡೂ ಒಂದೇ ಕೋಣೆ. ಆಮೇಲೆ ಪಿಂಗಾಣಿ ತೆಗೆದು ನಳಿಗೆ ಕೂರಿಸಿದ ಹಳೆಯ ಪ್ಲಗ್ ಒಂದನ್ನು ಹಾಕಿ, ಅದಕ್ಕೆ ಡಾಕ್ಟರು ಬಿಪಿ ನೋಡುವ ಹಳೆಯ ಮಷಿನ್ನಿನ ರಬ್ಬರ್ ಬುಗ್ಗೆ ಸಿಕ್ಕಿಸಿದರು! ತಮಾಷೆ ಅಲ್ಲ. ಬಿಪಿ ಮಷಿನ್ನಿನ 300 ಅಂದರೆ, ಟೈರಿನ ಗಾಳಿ ಅಳೆಯುವ ಲೆಕ್ಕದಲ್ಲಿ, ಸುಮಾರು 6 ಪಿಎಸ್‌ಐ. ಈ ಕೆಲಸಕ್ಕೆ ಅಷ್ಟು ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಚೆನ್ನಾಗಿರುವ ಸೀಲೂ ಹಾರಿಹೋಗಬಹುದು.

ಮುಳ್ಳು 250ಕ್ಕೆ ಏರಿತು. ನೋಡುನೋಡುತ್ತಲೇ ಇಳಿಯಿತು. ಮ್ಯಾಗ್ನೆಟ್ ಹಿಂದೆ ಸೋಪಿನ ನೀರು ಸವರಿದಾಗ ಸಾಸಿವೆ ಕಾಳಿನಂಥ ಗುಳ್ಳೆಗಳು ಎದ್ದವು. "ಇಲ್ಲೈತಿ ನೋಡ್ರಿ ಕಳ್ಳ," ಅಂದರು ಮಿಸ್ತ್ರಿ. ಪಕ್ಕದಲ್ಲಿದ್ದ ಕಾಕಾ ತೋಳು ಮುಂದೆ ಮಾಡಿ "ಹಂಗ ನನ್ನ ಬಿಪಿನೂ ನೋಡಪಾ" ಅಂದರು.

ಹೊಸ ಸೀಲಿನ ತುಟಿಗೆ ಗ್ರೀಸ್ ಸವರಿ, ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕ್‌ಕೇಸಿನ ಕಡೆ ಬರುವಂತೆ ಕೂರಿಸಿದರು. ಕ್ರ್ಯಾಂಕಿನ ಕೀಲಿ ಕೂರುವ ತೋಡಿನ ಅಂಚು ತುಟಿಯನ್ನು ಕೊಯ್ಯದಿರಲೆಂದು ಮೊದಲೇ ಅಲ್ಲಿ ತೆಳು ಟೇಪ್ ಸುತ್ತಿದ್ದರು. ಮತ್ತೆ ಬುಗ್ಗೆ ಒತ್ತಿದರೆ ಮುಳ್ಳು ಐದು ನಿಮಿಷ ಅಲ್ಲೇ ನಿಂತಿತ್ತು.

ಟ್ಯೂನಿಂಗ್ ಆಮೇಲೆ. ಅದು ಹತ್ತು ನಿಮಿಷದ ಕೆಲಸವೂ ಆಗಲಿಲ್ಲ. ಇಂಜಿನ್ ಬಿಸಿ ಮಾಡಿ, ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತೆಗೆದು, ಅಲ್ಲಿಂದ ಆಚೆ ಈಚೆ ಸರಿಸುತ್ತ ರೇಸ್ ಎಲ್ಲಿ ಹೆಚ್ಚು ಸಮನಾಗಿರುತ್ತದೋ ಅಲ್ಲಿ ಬಿಟ್ಟರು. ಮುಧೋಳ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ಪ್ಲಗ್ ಬಿಚ್ಚಿ ನೋಡಿದೆವು. ಹಾಲು ಹಾಕಿದ ಚಹಾದ ಬಣ್ಣ. ಅದೇ ಬೇಕಾದ ಬಣ್ಣ. ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಜಾಸ್ತಿ.

ಜಾಮ್ ಆಗುವ ಹೆದರಿಕೆಗೆ ಕಾಕಾ ಈಗ ಲೀಟರಿಗೆ 20 ಮಿಲಿ ಬದಲು 40 ಮಿಲಿ ಟೂಟಿ ಆಯಿಲ್ (ಟೂ ಸ್ಟ್ರೋಕಿನ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಹಾಕಿಸುತ್ತಾರೆ. ಆದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲು ಹಾಯುವ ಜೆಟ್ಟಿನ ತೂತು ಅಷ್ಟೇ ಇರುತ್ತದೆ. ಎಣ್ಣೆ ಹೆಚ್ಚಾದಷ್ಟೂ ಆ ತೂತಿನಿಂದ ಹೋಗುವ ಪೆಟ್ರೋಲ್ ಕಡಿಮೆ, ಈ ಲೆಕ್ಕಕ್ಕೆ ಸುಮಾರು ಶೇ. 2ರಷ್ಟು. ಅಂದರೆ ಗಾಳಿಯ ಪಾಲು ಮತ್ತೆ ತುಸು ಏರಿದ ಹಾಗೆ. ಇದನ್ನು ಎರಡು ಸಲ ಬಿಡಿಸಿ ಹೇಳಿದ್ದೇನೆ. "ಎಣ್ಣಿ ಜಾಸ್ತಿ ಆದ್ರ ಕೆಡತೈತೇನೋ?" ಅಂತಾರೆ. ಸೈಲೆನ್ಸರಿನ ಮಸಿ ಕೆರೆಯುವ ಕೆಲಸ ಮಾತ್ರ ನನಗೇ ಬರುತ್ತದೆ.