ಆ ದನಿ ಯಾರ ಸ್ವತ್ತು?

ಡಿಸ್ನಿಯವರ 'ಸ್ನೋ ವೈಟ್' ಸಿನಿಮಾ ಬಂದಿದ್ದು 1937ರಲ್ಲಿ. ಅದರ ಟೈಟಲ್ ಕಾರ್ಡಿನಲ್ಲಿ ಚಿತ್ರ ಬರೆದವರ ಹೆಸರಿದೆ, ಸಂಗೀತ ಮಾಡಿದವರ ಹೆಸರಿದೆ. ಮಾತಾಡಿದವರ ಹೆಸರು ಒಂದೂ ಇಲ್ಲ. ಸ್ನೋ ವೈಟ್‌ಗೆ ದನಿ ಕೊಟ್ಟು ಹಾಡಿದ ಆಡ್ರಿಯಾನಾ ಕ್ಯಾಸೆಲೋಟಿ ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗಿ. ಸಿನಿಮಾ ಊರೂರು ಸುತ್ತಿತು, ಆದರೆ ಆಕೆ ಯಾರು ಅಂತ ತೆರೆ ಎಲ್ಲೂ ಹೇಳಲಿಲ್ಲ. ಚಿತ್ರದ ಗೊಂಬೆಯೇ ಮಾತಾಡುತ್ತಿದೆ ಅನ್ನೋ ಭ್ರಮೆ ಉಳಿಯಬೇಕಾದರೆ ಹಿಂದಿರುವ ಮನುಷ್ಯ ಕಾಣಬಾರದು, ಅಲ್ವಾ? ಕೇಳಲು ಚೆನ್ನಾಗಿದೆ. ಆದರೆ ಹೆಸರೇ ಇಲ್ಲದವರು ಸಂಬಳಕ್ಕೆ ಚೌಕಾಸಿ ಮಾಡುವುದು ಹೇಗೆ? ಈಗ ನಟರ ದನಿಯನ್ನು ಎಐ ಮೂಲಕ ನಕಲು ಮಾಡುವ ಬಗ್ಗೆ ನಡೆಯುತ್ತಿರುವ ಜಗಳ ಹೊಸದು ಅನ್ನಿಸಬಹುದು, ಆದರೆ ಅದರ ಬೇರು ಇಷ್ಟು ಹಿಂದಕ್ಕೆ ಹೋಗುತ್ತದೆ.

ಹೆಸರು ಹಾಕಿಸಿಕೊಂಡವರಲ್ಲಿ ಮೆಲ್ ಬ್ಲಾಂಕ್ ಮೊದಲಿಗರ ಸಾಲಿನವರು. ರೇಡಿಯೊದಿಂದ ಬಂದವರು. ಬಗ್ಸ್ ಬನ್ನಿ, ಡ್ಯಾಫಿ ಡಕ್, ಪೋರ್ಕಿ ಪಿಗ್ ಎಂಬ ಕಾರ್ಟೂನ್ ಪಾತ್ರಗಳಿಗೆ ದನಿಯಾಗಿ ಒಬ್ಬನೇ ಮನುಷ್ಯ ಒಂದೇ ದೃಶ್ಯದಲ್ಲಿ ಮೂವರಾಗಿ ಜಗಳ ಆಡುತ್ತಿದ್ದರು. ಸಂಬಳ ಜಾಸ್ತಿ ಮಾಡಿ ಅಂತ ನಿರ್ಮಾಪಕ ಲಿಯಾನ್ ಶ್ಲೆಸಿಂಜರ್ ಅವರನ್ನು ಕೇಳಿದಾಗ ಆಗುವುದಿಲ್ಲ ಅಂದರಂತೆ. ಹಾಗಾದರೆ ತೆರೆ ಮೇಲೆ ನನ್ನ ಹೆಸರಾದರೂ ಹಾಕಿ ಅಂತ ಬ್ಲಾಂಕ್ ಪಟ್ಟು ಹಿಡಿದರು, 1940ರ ದಶಕದಲ್ಲಿ ಹೆಸರು ಬಂತು. ಅವರ ಜೀವನಕ್ಕೆ ಅದರಿಂದ ದೊಡ್ಡ ಉಪಕಾರವಾಯಿತು. ಆದರೆ ಬೆಳಕು ಬಿದ್ದಿದ್ದು ಅವರೊಬ್ಬರ ಮೇಲೆ. ಎಲ್ಮರ್ ಫಡ್ ಎಂಬ ಪಾತ್ರಕ್ಕೆ ದನಿಯಾಗಿದ್ದ ಆರ್ಥರ್ ಕ್ಯೂ. ಬ್ರಯಾನ್ ವರ್ಷಗಟ್ಟಲೆ ಕೆಲಸ ಮಾಡಿದರೂ ಅದೇ ಕಾರ್ಟೂನುಗಳಲ್ಲಿ ಅವರ ಹೆಸರಿಗೆ ಜಾಗ ಸಿಗಲಿಲ್ಲ. ಹಕ್ಕು ಎಲ್ಲರಿಗೂ ಆಗದೆ ಒಬ್ಬರಿಗೆ ಸಿಕ್ಕ ವಿಶೇಷ ಮರ್ಯಾದೆಯಾಗಿಯೇ ಉಳಿಯಿತು. ಜೂನ್ ಫೋರೆ ಅವರನ್ನು ನಾನು ಇಲ್ಲೇ ನೆನೆಯಬೇಕು. ರಾಕಿ ಎಂಬ ಅಳಿಲಿಗೆ ದನಿ ಕೊಟ್ಟ ಈ ಹೆಂಗಸು ತಮ್ಮ ಹೆಸರಿಗಷ್ಟೇ ಹೋರಾಡಲಿಲ್ಲ, ಅನಿಮೇಷನ್ನಿಗೇ ಅಂತ ಆನಿ ಪ್ರಶಸ್ತಿಗಳು ಶುರುವಾಗಲು ಓಡಾಡಿದರು. ಅವರಿಗೆ ಟಿವಿ ಕೆಲಸಕ್ಕೆ ಕೊಡುವ ಎಮ್ಮಿ ಪ್ರಶಸ್ತಿ ಸಿಕ್ಕಿದ್ದು 2012ರಲ್ಲಿ, 94ನೇ ವಯಸ್ಸಿನಲ್ಲಿ.

ದನಿ ಕೊಡುವುದು "ಸುಮ್ನೆ ಮೈಕ್ ಮುಂದೆ ಓದೋ ಕೆಲಸ" ಅನ್ನುವವರು ಇವತ್ತಿಗೂ ಇದ್ದಾರೆ. ಅಮೆರಿಕದ ಅನಿಮೇಷನ್ನಿನಲ್ಲಿ ಸಾಮಾನ್ಯವಾಗಿ ದನಿ ಮೊದಲು ರೆಕಾರ್ಡ್ ಆಗುತ್ತದೆ, ಚಿತ್ರ ಆಮೇಲೆ. ಅಂದರೆ ನಟನ ಎದುರು ನೋಡಲು ಏನೂ ಇರುವುದಿಲ್ಲ. ಕಾಡು, ಮಳೆ, ಎದುರಾಳಿ, ಎಲ್ಲವನ್ನೂ ತಲೆಯಲ್ಲೇ ಕಟ್ಟಿಕೊಳ್ಳಬೇಕು. ಚಿತ್ರ ಬರೆಯುವವರು ಎಷ್ಟೋ ಸಲ ರೆಕಾರ್ಡಿಂಗ್ ವೇಳೆ ನಟನ ಮುಖವನ್ನು ವಿಡಿಯೊ ಮಾಡಿಕೊಂಡು, ಹುಬ್ಬು ಏರಿದ್ದು, ತುಟಿ ಕೊಂಕಿದ್ದು ನೋಡಿ ಪಾತ್ರಕ್ಕೆ ಇಳಿಸುತ್ತಾರೆ. ಕೈಕಾಲು ಆಡಿಸದೆ ನಿಂತರೆ ದನಿಯೂ ಸತ್ತುಹೋಗುತ್ತದೆ. ಇಷ್ಟೆಲ್ಲ ಅಭ್ಯಾಸ ಆಗುವುದು ರಂಗದ ಮೇಲೆ. ನಟಿ ಜೋಡಿ ಬೆನ್ಸನ್ ನ್ಯೂಯಾರ್ಕಿನ ನಾಟಕರಂಗವಾದ ಬ್ರಾಡ್‌ವೇಯಲ್ಲಿ 'ಸ್ಮೈಲ್' ಎಂಬ ಸಂಗೀತ ನಾಟಕದಲ್ಲಿದ್ದರು. ಅದು ಬೇಗ ನಿಂತುಹೋಯಿತು. ಅದಕ್ಕೆ ಮಾತು, ಹಾಡು ಬರೆದಿದ್ದ ಹೋವರ್ಡ್ ಆಶ್‌ಮನ್ ಡಿಸ್ನಿಯ 'ದಿ ಲಿಟ್ಲ್ ಮರ್ಮೇಡ್' ಅನಿಮೇಷನ್ ಸಿನಿಮಾ ಮಾಡುತ್ತಿದ್ದರು. 1989ರಲ್ಲಿ ಬೆನ್ಸನ್ ಅದರ ನಾಯಕಿ ಏರಿಯಲ್‌ಗೆ ದನಿಯಾದರು. ಮೂರು ವರ್ಷದ ನಂತರ ಮತ್ತೆ ಬ್ರಾಡ್‌ವೇಗೆ ಹೋಗಿ 'ಕ್ರೇಜಿ ಫಾರ್ ಯೂ' ನಾಟಕಕ್ಕೆ ರಂಗಭೂಮಿಯ ಟೋನಿ ಪ್ರಶಸ್ತಿಯ ನಾಮನಿರ್ದೇಶನ ಪಡೆದರು. ರಂಗದಿಂದ ಸ್ಟುಡಿಯೊಗೆ, ಅಲ್ಲಿಂದ ಮತ್ತೆ ರಂಗಕ್ಕೆ ಹೀಗೆ ಓಡಾಡಿದವರು ಬಹಳ.

ಜಪಾನಿನಲ್ಲಿ ಈ ನಂಟು ಇನ್ನೂ ಹತ್ತಿರದ್ದು. ಅಲ್ಲಿ ಟಿವಿ ಬಂದ ಹೊಸತರಲ್ಲಿ ದೊಡ್ಡ ಸಿನಿಮಾ ಕಂಪನಿಗಳು ತಮ್ಮ ನಟರನ್ನು ಟಿವಿಗೆ ಬಿಡುತ್ತಿರಲಿಲ್ಲ. ವಿದೇಶಿ ಕಾರ್ಯಕ್ರಮಗಳಿಗೆ ಡಬ್ಬಿಂಗ್ ಮಾಡಲು ನಾಟಕ ತಂಡಗಳವರೇ ಬಂದರು, ಅವರಿಗೂ ನಾಲ್ಕು ಕಾಸು ಬೇಕಿತ್ತು. 1963ರಲ್ಲಿ 'ಆಸ್ಟ್ರೊ ಬಾಯ್' ಶುರುವಾಗಿ ಟಿವಿ ಅನಿಮೇಷನ್ ಬೆಳೆದಾಗಲೂ ಇದೇ ಜನ ಕೆಲಸಕ್ಕೆ ಸಿಕ್ಕರು. ಕೂಲಿ ಮಾತ್ರ ಕಡಿಮೆ. 1973ರಲ್ಲಿ ದನಿ ನಟರು ಕೆಲಸ ನಿಲ್ಲಿಸಿ ಬೀದಿಗಿಳಿದ ಮೇಲೆಯೇ ದರ ಏರಿದ್ದು.

ಆಮೇಲೆ ಬಂತು ಡಿಸ್ನಿಯ 'ಅಲ್ಲಾದ್ದೀನ್', 1992. ದೀಪದ ಭೂತ ಜೀನಿಗೆ ದನಿ ಕೊಟ್ಟ ರಾಬಿನ್ ವಿಲಿಯಮ್ಸ್ ಆಗಲೇ ದೊಡ್ಡ ತಾರೆ, ಆದರೂ ನಟರ ಯೂನಿಯನ್ನಿನ ಕನಿಷ್ಠ ದರಕ್ಕೆ ಒಪ್ಪಿದರು. ಆಟಿಕೆ ಮಾರಲು ತಮ್ಮ ದನಿ ಬಳಸಬಾರದು ಅನ್ನುವುದು ಅವರ ಷರತ್ತು. ಡಿಸ್ನಿಯವರು ಅದನ್ನು ಮೀರಿದರು ಅಂತ ವಿಲಿಯಮ್ಸ್ ಅವರ ಜೊತೆ ಮಾತು ಬಿಟ್ಟರು. ಮುಂದಿನ ಭಾಗದಲ್ಲಿ ಜೀನಿಗೆ ಡ್ಯಾನ್ ಕ್ಯಾಸ್ಟೆಲನೆಟಾ ಮಾತಾಡಿದರು. ಡಿಸ್ನಿ ಕಡೆಯಿಂದ ಕ್ಷಮೆ ಬಂದ ಮೇಲೆ, 1996ರ ಮೂರನೇ ಭಾಗಕ್ಕೆ ವಿಲಿಯಮ್ಸ್ ಮರಳಿದರು. ಎಷ್ಟು ಜನಕ್ಕೆ ಹಾಗೆ ಎದ್ದು ಹೋಗುವ ಧೈರ್ಯ ಇರುತ್ತದೆ? ಜೀನಿ ಗೆದ್ದಿದ್ದರಿಂದ ಇನ್ನೊಂದೂ ಆಯಿತು. ದೊಡ್ಡ ಅನಿಮೇಷನ್ ಸಿನಿಮಾ ಅಂದರೆ ಪೋಸ್ಟರಿನಲ್ಲಿ ಸಿನಿಮಾ ತಾರೆಯ ಹೆಸರು ಬೇಕೇ ಬೇಕು ಅನ್ನುವಂತಾಯಿತು. ಹೆಸರಿಗಾಗಿ ಅಷ್ಟು ಕಾಲ ಒದ್ದಾಡಿದ ಕಸುಬಿಗೆ ಹೆಸರು ಬಂತು, ಆದರೆ ಅದು ಕಸುಬಿನವರದಾಗಿರಲಿಲ್ಲ. ಇದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. 1994ರ 'ಲಯನ್ ಕಿಂಗ್'ನಲ್ಲಿ ಖಳ ಸ್ಕಾರ್‌ಗೆ ದನಿ ಕೊಟ್ಟ ಜೆರೆಮಿ ಐರನ್ಸ್ ಗಂಟಲು ಕೈಕೊಟ್ಟಾಗ ಆ ಪಾತ್ರದ ಹಾಡನ್ನು ಮುಗಿಸಿಕೊಟ್ಟವರು ಕಸುಬಿನ ದನಿ ನಟ ಜಿಮ್ ಕಮಿಂಗ್ಸ್. ನೋಡುವವರಿಗೆ ಗೊತ್ತೇ ಆಗಲಿಲ್ಲ, ಅಷ್ಟು ಚೆನ್ನಾಗಿ ಮಾಡಿದರು.

ವಿಡಿಯೊ ಗೇಮುಗಳದು ಬೇರೆ ನೋವು. ಅಲ್ಲಿ ಸಾಯುವ ಕೂಗು, ಯುದ್ಧದ ಚೀರಾಟ ಗಂಟೆಗಟ್ಟಲೆ. ಗಂಟಲು ಹರಿಯುವಂಥ ಕೆಲಸಕ್ಕೆ ಎರಡು ಗಂಟೆಯ ಮಿತಿ ಬೇಕು, ಚೆನ್ನಾಗಿ ಮಾರಾಟವಾದ ಗೇಮಿನಿಂದ ನಮಗೂ ಪಾಲು ಬೇಕು ಅಂತ ಅಮೆರಿಕದ ನಟರ ಯೂನಿಯನ್ ಸ್ಯಾಗ್-ಆಫ್ಟ್ರಾ 2016ರ ಅಕ್ಟೋಬರಿನಲ್ಲಿ ಮುಷ್ಕರ ಹೂಡಿತು. ಹನ್ನೊಂದು ತಿಂಗಳು ನಡೆಯಿತು. ಮಾರಾಟದ ಪಾಲು ಸಿಗಲಿಲ್ಲ, ಸೆಷನ್ ಲೆಕ್ಕದಲ್ಲಿ ಒಂದಿಷ್ಟು ಹೆಚ್ಚುವರಿ ಹಣ ಸಿಕ್ಕಿತು.

ಈಗ ಜೇಮ್ಸ್ ಅರ್ಲ್ ಜೋನ್ಸ್ ವಿಷಯ. ಚಿಕ್ಕಂದಿನಲ್ಲಿ ಉಗ್ಗಿನಿಂದ ಮಾತೇ ಬಿಟ್ಟಿದ್ದ ಹುಡುಗ ಮುಂದೆ ರಂಗನಟನಾಗಿ 1969 ಮತ್ತು 1987ರಲ್ಲಿ ಟೋನಿ ಗೆದ್ದರು. 1977ರ 'ಸ್ಟಾರ್ ವಾರ್ಸ್'ನ ಖಳ ಡಾರ್ತ್ ವೇಡರ್ ದನಿ ಅವರದು, 'ಲಯನ್ ಕಿಂಗ್'ನ ರಾಜ ಮುಫಾಸನ ದನಿಯೂ ಅವರದೇ. 2022ರಲ್ಲಿ ಬ್ರಾಡ್‌ವೇಯ ಒಂದು ರಂಗಮಂದಿರಕ್ಕೆ ಅವರ ಹೆಸರಿಟ್ಟರು. ಅದೇ ವರ್ಷ, ಅವರ ಒಪ್ಪಿಗೆಯ ಮೇಲೆ, ಹಳೆಯ ರೆಕಾರ್ಡಿಂಗುಗಳಿಂದ ಎಐ ಮೂಲಕ ವೇಡರ್ ದನಿ ತಯಾರಿಸಿ ಒಂದು ಸರಣಿಗೆ ಬಳಸಿದರು. ಅವರು 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 2025ರ ಮೇ ತಿಂಗಳಲ್ಲಿ 'ಫೋರ್ಟ್‌ನೈಟ್' ಗೇಮಿನೊಳಗೆ ಎಐ ವೇಡರ್ ಆಟಗಾರರ ಜೊತೆ ಮಾತಾಡತೊಡಗಿತು. ಕುಟುಂಬದ ಒಪ್ಪಿಗೆ ಇತ್ತು. ಆದರೂ ಯೂನಿಯನ್ ದೂರು ಕೊಟ್ಟಿತು. ಗೇಮುಗಳಲ್ಲಿ ವೇಡರ್ ದನಿ ಮಾಡಿ ಬದುಕುತ್ತಿದ್ದ ಬೇರೆ ನಟರ ಕೆಲಸ ಇದರಿಂದ ಹೋಯಿತು, ನಮ್ಮ ಜೊತೆ ಮಾತುಕತೆಯನ್ನೇ ನಡೆಸಲಿಲ್ಲ ಅನ್ನುವುದು ಅದರ ತಕರಾರು. ಒಪ್ಪಿಗೆ ಕೊಡಬೇಕಾದವರು ಯಾರು ಅನ್ನುವ ಪ್ರಶ್ನೆ ಒಂದು ಕುಟುಂಬದಲ್ಲಿ ಮುಗಿಯುವುದಿಲ್ಲ ಅಂತ ಆಗ ಕಾಣಿಸಿತು.

2024ರ ಜುಲೈಯಲ್ಲಿ ಶುರುವಾಗಿದ್ದ ಎರಡನೇ ಗೇಮ್ ಮುಷ್ಕರದ ಮುಖ್ಯ ವಿಷಯವೂ ಎಐ. 2025ರ ಜೂನಿನಲ್ಲಿ ಅದನ್ನು ನಿಲ್ಲಿಸಿದರು, ಮುಂದಿನ ತಿಂಗಳು ಒಪ್ಪಂದಕ್ಕೆ ಸದಸ್ಯರು ಮತ ಹಾಕಿದರು. ದನಿಯ ನಕಲು ಮಾಡಲು ಇನ್ನು ನಟರ ಒಪ್ಪಿಗೆ ಬೇಕು, ಎಲ್ಲಿ ಬಳಸುತ್ತೇವೆ ಅಂತ ಹೇಳಬೇಕು. ಆದರೆ ಇದು ಆ ಯೂನಿಯನ್ನಿನ ಒಪ್ಪಂದದ ಕೆಳಗೆ ಬರುವ ಕೆಲಸಕ್ಕೆ ಮಾತ್ರ. ಅದರ ಹೊರಗೆ ದುಡಿಯುವವರಿಗೆ ತಾವು ಸಹಿ ಹಾಕುವ ಕಾಗದವೇ ಗತಿ. "ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲೂ ಬಳಸಬಹುದು" ಅನ್ನೋ ಥರದ ಒಂದು ಸಾಲು ಅದರಲ್ಲಿದ್ದರೆ, ಸಹಿ ಹಾಕುವ ಮುಂಚೆ ಅದನ್ನು ತೆಗೆಸಲು ಕೇಳಲೇಬೇಕು.